ಬಾಯಿ ತೆರೆದ ಗೆರೆ

ಯಾರಾದರೂ ಕಾಣದ್ದನ್ನು ಕಂಡೆ ಎಂದರೆ, ಮೊದಲು ಕಣ್ಣು ತೋರಿಸಿಕೊಂಡು ಬನ್ನಿ ಎನ್ನುತ್ತಿದ್ದವಳು ನಾನು. ಗೋರೆಗಾಂವಿನ ಕಾಲೇಜೊಂದರಲ್ಲಿ ಸಸ್ಯಶಾಸ್ತ್ರ ಕಲಿಸುವವಳು ಬೇರೇನು ಹೇಳಿಯಾಳು? ಈಗ ನಾನೇ ಹೇಳಬೇಕಾಗಿದೆ, ನಗುವವರು ನಗಲಿ.

ನಮ್ಮ ಲ್ಯಾಬಿನಲ್ಲಿ ಹಳೆಯ ಕ್ಯಾಮೆರಾ ಲೂಸಿಡಾ ಒಂದಿದೆ. ಸೂಕ್ಷ್ಮದರ್ಶಕದ ತಲೆಗೆ ಕೂಡಿಸುವ ಗಾಜಿನ ಪ್ರಿಸಂ, ಪಕ್ಕಕ್ಕೆ ಚಾಚಿದ ಕನ್ನಡಿ, ಇಷ್ಟೇ. ಕೆಳಗಿನ ಎಲೆಯ ಚೂರೂ, ಪಕ್ಕದ ಕಾಗದದ ಮೇಲಿನ ನಮ್ಮ ಕೈಯೂ ಒಂದೇ ಕಣ್ಣಿಗೆ ಒಟ್ಟಿಗೇ ಕಾಣುತ್ತವೆ. ಎಲೆಯ ಮೇಲೇ ಪೆನ್ಸಿಲ್ ಓಡಿಸಿದಂತೆ ಚಿತ್ರ ಬರೆಯಬಹುದು. ಈಗ ಎಲ್ಲರೂ ಫೋಟೊ ತೆಗೆಯುತ್ತಾರೆ. ನನಗೆ ಕೈಗೆರೆಯೇ ಇಷ್ಟ.

ಅವ್ವ ಒಮ್ಮೆ ನನ್ನ ಚಿತ್ರ ನೋಡಿ ನಕ್ಕಿದ್ದಳು. "ಇಷ್ಟು ಓದಿ ಕಡೀಗೆ ರಂಗೋಲಿನ ಹಾಕ್ತೀಯಲ್ಲವಾ! ಅದೂ ನೆಟ್ಟಗಿಲ್ಲ. ಇಲ್ನೋಡು, ಗೆರಿ ಬಾಯಿ ತಕ್ಕೊಂಡು ನಿಂತೈತಿ. ಮುಚ್ಚು." ಬ್ಲೇಡು ತಾಗಿ ಹರಿದ ಜೀವಕೋಶವನ್ನು ಹರಿದಂತೆಯೇ ಬರೆಯಬೇಕು ಎಂದರೆ ಅವಳು ಒಪ್ಪಲಿಲ್ಲ. ದಹಿಸರದ ನಮ್ಮ ಬಿಲ್ಡಿಂಗಿನಲ್ಲೂ ದಿನಾ ಬಾಗಿಲಿಗೆ ರಂಗೋಲಿ ಹಾಕುತ್ತಿದ್ದಳು, ಎಂದೋ ಒಲೆಯಲ್ಲಿ ಸುಟ್ಟು ಸೊಟ್ಟಗಾಗಿದ್ದ ಕಿರುಬೆರಳನ್ನು ಎತ್ತಿ ಹಿಡಿದುಕೊಂಡು.

ಮುಂದೆ ಅವಳಿಗೆ ಲಕ್ವ ಹೊಡೆಯಿತು. ಮಾತು ಉಳಿಯಿತು, ಬಲಗೈ ಹೋಯಿತು, ಚಿವುಟಿದರೂ ತಿಳಿಯುತ್ತಿರಲಿಲ್ಲ. "ಒಂದು ಗೆರಿ ಎಳದ್ರ ಸಾಕಿತ್ತು," ಎನ್ನುತ್ತಿದ್ದಳು. ನಾವೆಲ್ಲ ಅದೊಂದಕ್ಕೇ ಕಾಯುತ್ತಿದ್ದೆವು.

ಆ ಶನಿವಾರ ಮಧ್ಯಾಹ್ನ ಲ್ಯಾಬಿನಲ್ಲಿ ನಾನೊಬ್ಬಳೇ ಇದ್ದೆ. ಸಮುದ್ರದ ನೀರು ಒಳನುಗ್ಗುವ ಖಾಡಿಯ ದಂಡೆಯ ಗಿಡವೊಂದರ ಎಲೆ ಬರೆಯುತ್ತಿದ್ದೆ. ಒಂದು ಕೋಶ ಹರಿದಿತ್ತು. ಅಲ್ಲಿ ಗೆರೆ ತೆರೆದೇ ಬಿಟ್ಟು, ಪೆನ್ಸಿಲ್ ಕೆಳಗಿಟ್ಟು, ಎರಡೂ ಕೈಯಿಂದ ಫೋಕಸ್ ತಿರುಪು ಹಿಡಿದು ನೋಡುತ್ತಿದ್ದೆ. ಆಗ ಕಾಗದದ ಮೇಲೆ ಪೆನ್ಸಿಲ್ ಹಿಡಿದ ಕೈಯೊಂದು ಬಂತು. ಕಿರುಬೆರಳು ಸೊಟ್ಟ, ಎತ್ತಿ ಹಿಡಿದದ್ದು. ನಿಧಾನವಾಗಿ ಆ ಗೆರೆಯ ಬಾಯಿ ಮುಚ್ಚಿ, ಹೋಯಿತು.

ತಲೆ ಎತ್ತಿದೆ. ಯಾರೂ ಇಲ್ಲ. ನನ್ನ ಕೈಗಳು ತಿರುಪಿನ ಮೇಲೇ ಇದ್ದವು. ಕಾಗದದಲ್ಲಿ ಗೆರೆ ಕೂಡಿತ್ತು.

ಮನೆಗೆ ಬಂದಾಗ ಗಂಡ ಬಾಗಿಲಲ್ಲೇ ಹೇಳಿದರು, "ಅತ್ತಿ ಮಧ್ಯಾಹ್ನದಿಂದ ಒಂದ ಸಮನ ಕೈ ನೋವು ಅನ್ನಾಕತ್ತಾರ." ಚಪ್ಪಲಿಯಲ್ಲೇ ಒಳಗೆ ಓಡಿದೆ.

"ಬಲಗೈ ಸೋತೈತಿ, ತಿಕ್ಕವಾ," ಎಂದಳು ಅವ್ವ.

ತಿಕ್ಕಿದೆ. ಕೈ ತಣ್ಣಗಿತ್ತು. ಪೆನ್ಸಿಲ್ ಹಿಡಿಸಿ ನೋಡಿದೆ, ಜಾರಿ ಬಿತ್ತು. ಮರುದಿನ ನೋವೂ ಇರಲಿಲ್ಲ. ಅವಳಿರುವ ತನಕ ಆ ಕೈ ಅಲುಗಲಿಲ್ಲ.

ಆ ಎಲೆಯನ್ನು ಮತ್ತೊಮ್ಮೆ ಬರೆದೆ, ಹರಿದದ್ದನ್ನು ಹರಿದಂತೆ. ಮೊದಲಿನ ಚಿತ್ರ ಕಪಾಟಿನಲ್ಲಿದೆ. ತಪ್ಪು ಚಿತ್ರ, ತಿದ್ದೋಣವೆಂದು ಎಷ್ಟೋ ಸಲ ರಬ್ಬರ್ ಹಿಡಿದಿದ್ದೇನೆ. ಆ ಗೆರೆಯ ಹತ್ತಿರ ಬಂದರೆ ಕೈ ನಿಂತುಬಿಡುತ್ತದೆ. ನಾನೇ ನಿಲ್ಲಿಸುತ್ತೇನೋ ಏನೋ, ಹೇಳಲಾರೆ.