ಅಯಸ್ಕಾಂತದ ಸಂದಿ

ತೊಂಬತ್ತರ ದಶಕದ ಒಂದು ಬೇಸಿಗೆ. ರಜೆ ಹಾಕಿ ನಮ್ಮೂರು ಗೊಬ್ಬೂರಿಗೆ ಹೋದರೆ ಅವ್ವ ನನ್ನ ಹಾಸಿಗೆಯನ್ನು ಪಡಸಾಲೆಯ ಆಚೆ ತುದಿಗೆ ಹಾಕಿದ್ದಳು. ತಾಟು ಬೇರೆ, ನೀರಿನ ಚರಿಗೆ ಬೇರೆ. ತಮ್ಮನ ಹೆಂಡತಿ ಆಗ ತುಂಬಿದ ಬಸುರಿ. ಅವಳು ನನ್ನ ಹತ್ತಿರ ಬಂದರೆ ಅವ್ವ ಏನಾದರೂ ನೆಪ ತೆಗೆದು ಒಳಗೆ ಕರೆಯುತ್ತಿದ್ದಳು. ಯಾಕೆಂದು ತಮ್ಮನನ್ನು ಕೇಳಿದೆ. ಅವನು ಎತ್ತಿಗೆ ನೀರು ಕುಡಿಸಬೇಕೆಂದು ಎದ್ದು ಹೋದ.

ಆಮೇಲೆ ತಿಳಿಯಿತು. ಮಗಳು ವಿಕಿರಣದ ಕೆಲಸ ಮಾಡುತ್ತಾಳೆ, ಅದು ಮೈಗೆ ಅಂಟಿಕೊಂಡು ಬರುತ್ತದೆ, ಹೊಟ್ಟೆಯಲ್ಲಿರುವ ಕೂಸಿಗೆ ಕೇಡು ಎಂದು ಅಫಜಲಪುರದ ಬಸ್ ಸ್ಟ್ಯಾಂಡಿನಲ್ಲಿ ಯಾರೋ ಅವ್ವನಿಗೆ ಹೇಳಿದ್ದರು.

ನನ್ನ ಕೆಲಸ ಇದ್ದದ್ದು ಅಣುವಿನ ಕಣಗಳನ್ನು ಅತಿ ವೇಗವಾಗಿ ಓಡಿಸುವ ಒಂದು ಯಂತ್ರದ್ದು. ಆ ಯಂತ್ರವನ್ನು ನಾನು ಕಂಡೇ ಇರಲಿಲ್ಲ, ಅದನ್ನಿನ್ನೂ ಕಟ್ಟಿರಲಿಲ್ಲ. ಕಣಗಳು ಓಡುವ ಕೊಳವೆ, ಅವನ್ನು ತಿರುಗಿಸುವ ದೊಡ್ಡ ಅಯಸ್ಕಾಂತಗಳು, ಸುತ್ತಲಿನ ಕಾಂಕ್ರೀಟ್ ಗೋಡೆ ಎಲ್ಲವೂ ಕಂಪ್ಯೂಟರಿನೊಳಗೇ. ಎಲ್ಲಿ ಕಬ್ಬಿಣ, ಎಲ್ಲಿ ತಾಮ್ರ ಎಂದು ತುಂಬಿ, ಗೋಡೆಯಾಚೆ ವಿಕಿರಣ ಎಷ್ಟು ದಾಟೀತೆಂದು ಲೆಕ್ಕ ಹಾಕುವುದು ನನ್ನ ಕೆಲಸ. ಇದನ್ನೆಲ್ಲ ಅವ್ವನಿಗೆ ಬಿಡಿಸಿ ಹೇಳಿದೆ.

"ಏನೂ ಇಲ್ಲಂದ್ರ ಗ್ವಾಡಿ ಯಾಕ ಬೇಕು?" ಎಂದಳು ಅವ್ವ.

ಮರುದಿನ ಅವ್ವ ಹೊಲಕ್ಕೆ ಹೋದಾಗ ತಮ್ಮನ ಹೆಂಡತಿ ಬಂದು ಬಾಗಿಲ ಬಳಿ ಕೂತಳು. ಕಂಪ್ಯೂಟರ್ ಹೇಳಿದ್ದೆಲ್ಲ ಖರೆ ಇರುತ್ತದೇನು ಎಂದು ಕೇಳಿದಳು. ಇಲ್ಲ ಎಂದೆ. ಹಿಂದಿನ ಚಳಿಗಾಲದಲ್ಲಿ ಕಂಪ್ಯೂಟರಿನ ಲೆಕ್ಕದಲ್ಲಿ ಒಂದು ಅಯಸ್ಕಾಂತದ ಹಿಂದೆ ವಿಕಿರಣ ತೀರ ಕಡಿಮೆ ಬರುತ್ತಿತ್ತು. ಉಳಿದವರಿಗೆ ಖುಷಿ, ನನಗೆ ಅದೇ ಅನುಮಾನ. ಹುಡುಕುತ್ತ ಹೋದರೆ, ನನಗಿಂತ ಮೊದಲಿದ್ದವರು ತಾಮ್ರದ ಸುರುಳಿಗಳ ಪಕ್ಕದ ಖಾಲಿ ಸಂದಿಯನ್ನೂ ವಿಕಿರಣ ತಡೆಯುವ ಕಬ್ಬಿಣವೆಂದೇ ತುಂಬಿದ್ದರು. ಸಂದಿ ಬಿಟ್ಟು ಮತ್ತೆ ಲೆಕ್ಕ ಹಾಕಿದಾಗ ವಿಕಿರಣ ಏರಿತು. ನಕ್ಷೆಯಲ್ಲಿ ಗೋಡೆಯನ್ನು ದಪ್ಪ ಮಾಡಬೇಕಾಯಿತು. ಕೆಲಸದಲ್ಲಿನ ಹಿರಿಯರಿಗೆ ನನ್ನ ಮೇಲೆ ಸಿಟ್ಟೂ ಬಂತು.

"ಅಕ್ಕಾರ, ನೀವೂ ಅತ್ತಿಯಂಗ ಲಗೂನ ಯಾವುದನ್ನೂ ನಂಬಂಗಿಲ್ಲ. ಅದಕ್ಕ ನಿಮ್ಮನ್ನ ನಂಬ್ತೇನಿ," ಎಂದಳು ಅವಳು.

ಅಂದು ಊಟಕ್ಕೆ ಅವಳು ತಾಟು ಹಿಡಿದು ನನ್ನ ಮಗ್ಗುಲಿಗೇ ಬಂದು ಕೂತಳು. ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ನೋಡಿದಳು, ಮತ್ತೆ ಬಡಿಯತೊಡಗಿದಳು.

ಹೆಣ್ಣು ಕೂಸು ಹುಟ್ಟಿತು, ಗಟ್ಟಿಮುಟ್ಟಾಗಿತ್ತು. ನಾನು ನೋಡಲು ಹೋದಾಗ ಅವ್ವ ಮೊದಲು ನನಗೆ ಸ್ನಾನ ಮಾಡಿಸಿ, ತನ್ನ ಒಗೆದ ಸೀರೆ ಉಡಿಸಿ, ಆಮೇಲೆ ಕೂಸನ್ನು ನನ್ನ ತೊಡೆಯ ಮೇಲಿಟ್ಟಳು. ನೋವಾಗಲಿಲ್ಲವೆಂದರೆ ಸುಳ್ಳು. ಕೂಸು ಒಮ್ಮೆ ಸೀನಿತು. ಅವ್ವ ಎದ್ದು ಬಂದು ಎತ್ತಿಕೊಂಡಳು.