ಲಿನನ್ ರೂಮಿನ ಮಾವಶಿ ಮತ್ತು ನಮ್ಮ ಸಾಲಗಳು

ಹೋದ ತಿಂಗಳು ಕಣ್ಣಿನ ಪೊರೆ ತೆಗೆಸಿಕೊಳ್ಳಲು ಮನೆ ಹತ್ತಿರದ ಸಣ್ಣ ನರ್ಸಿಂಗ್ ಹೋಮಿಗೆ ಹೋಗಿದ್ದೆ. ಅಲ್ಲಿಯ ಹುಡುಗಿ ಮಡಿಕೆ ಬಿಡಿಸಿ ಚಾದರ ಹಾಸುವಾಗ ಗಂಜಿಯ ವಾಸನೆ ಬಂತು. ಇಸ್ತ್ರಿಯ ಬಿಸಿಗೆ ತುಸು ಸೀದ ಗಂಜಿ, ಅದರೊಳಗೆ ನೀಲಿಯ ತಣ್ಣನೆ ವಾಸನೆ... ಕಣ್ಣಿಗೆ ಔಷಧಿ ಬಿಟ್ಟು ಮುಚ್ಚಿಕೊಳ್ಳಲು ಹೇಳಿದ್ದರು. ಮುಚ್ಚಿದ ಕೂಡಲೇ ಮುಂಬಯಿಯ ಬೈಕುಲ್ಲಾದ ಆಸ್ಪತ್ರೆಯ ಲಿನನ್ ರೂಮು ಎದುರಿಗೆ ಬಂತು. ಅಲ್ಲಿ ಚಾದರಗಳ ರಾಶಿಯ ನಡುವೆ ಮಾವಶಿ ನಿಂತಿದ್ದರು.

ಮಾವಶಿ ಎಂದರೆ ಮರಾಠಿಯಲ್ಲಿ ಚಿಕ್ಕಮ್ಮ. ಡಾಕ್ಟರರಿಂದ ಹಿಡಿದು ದೋಬಿಯವರೆಗೆ ಎಲ್ಲರೂ ಅವರನ್ನು ಹಾಗೇ ಕರೆಯುತ್ತಿದ್ದರು. ಊರು ವಿಜಾಪುರದ ಕಡೆ. ಗಂಡ ಅಲ್ಲಿಯ ಕೋರ್ಟಿನಲ್ಲಿ ಪಟ್ಟೇವಾಲ, ಅಂದರೆ ಜವಾನನಾಗಿದ್ದನಂತೆ. ಅವನು ತೀರಿಹೋದ ಮೇಲೆ, ಮಕ್ಕಳಿಲ್ಲದ ಈ ಹೆಂಗಸು ಅಕ್ಕನ ಮಗನ ಹಿಂದೆ ಮುಂಬಯಿಗೆ ಬಂದು ಆಸ್ಪತ್ರೆ ಸೇರಿದ್ದರು. ಓದು ಬರಹ ಬರುತ್ತಿರಲಿಲ್ಲ. ಆದರೆ ಯಾವ ವಾರ್ಡಿಗೆ ಎಷ್ಟು ಚಾದರ ಹೋಯಿತು, ಎಷ್ಟು ತಿರುಗಿ ಬಂತು ಎಂಬುದು ಅವರ ಬಾಯಲ್ಲೇ ಇರುತ್ತಿತ್ತು. ಕುರ್ಲಾದ ಒಂದು ಚಾಳಿನಲ್ಲಿ ನಾಲ್ಕು ಹೆಂಗಸರ ಜೊತೆ ಒಂದೇ ಖೋಲಿಯಲ್ಲಿದ್ದರು. ತನ್ನದೇ ಒಂದು ಖೋಲಿ ಆಗಬೇಕು, ಬಾಗಿಲು ಹಾಕಿಕೊಂಡು ಕಾಲು ಚಾಚಿ ಮಲಗಬೇಕು ಎಂಬುದು ಅವರ ದೊಡ್ಡ ಆಸೆ. ಖೋಲಿ ಹಿಡಿಯಲು ಮೊದಲೇ ಕೊಡಬೇಕಾದ ಪಗಡಿಯ ಹಣವನ್ನು ವರ್ಷಗಟ್ಟಲೆ ಉಳಿಸುತ್ತಾ ಬಂದಿದ್ದರು.

ನಾನು ಆಗ ಇಪ್ಪತ್ತೆರಡರ ನರ್ಸು. ಉಡುಪಿಯಿಂದ ಬಂದು, ತರಬೇತಿ ಮುಗಿಸಿ, ಆಸ್ಪತ್ರೆಯ ಕ್ವಾರ್ಟರ್ಸಿನಲ್ಲಿದ್ದೆ. ಊರಿನಲ್ಲಿ ತಮ್ಮನಿಗೆ ಕ್ಷಯ ಹಿಡಿಯಿತು. ಅದರ ಇಂಜೆಕ್ಷನ್ ಹೊಸದಾಗಿ ಬಂದ ಕಾಲ, ಬೆಲೆ ನಮ್ಮಂಥವರ ಕೈಗೆಟುಕುತ್ತಿರಲಿಲ್ಲ. ನನ್ನ ವಾರ್ಡಿನಲ್ಲಿ ಅದೇ ಇಂಜೆಕ್ಷನ್ನಿಂದ ಎದ್ದು ಕೂತವರನ್ನು ದಿನವೂ ನೋಡುತ್ತಿದ್ದವಳು ನಾನು. ತಮ್ಮನಿಗೆ ಕೊಡಿಸದೆ ಹೇಗೆ ಇರಲಿ? ಆಸ್ಪತ್ರೆಯ ಗೇಟಿನ ಹೊರಗೆ ಛತ್ರಿ ಹಿಡಿದು ನಿಲ್ಲುತ್ತಿದ್ದ ಬಡ್ಡಿಯವನಿಂದ ನೂರೈವತ್ತು ತೆಗೆದುಕೊಂಡೆ. ಬಡ್ಡಿ ತಿಂಗಳಿಗೆ ರೂಪಾಯಿಗೆ ಎರಡಾಣೆ. ಅದು ಸಾಲದೆ ಬಳೆಗಳನ್ನು ಸರಾಫನಲ್ಲಿಟ್ಟು ಎಂಬತ್ತು ತಂದೆ. ಮಾವ ಅಡುಗೆಗಿದ್ದ ಉಡುಪಿ ಹೋಟೆಲಿನ ಧಣಿ ಅರವತ್ತು ಕೊಟ್ಟರು, ಅದಕ್ಕೆ ಮಾವನ ಪಗಾರವೇ ಒತ್ತೆ.

ತಮ್ಮ ಉಳಿದ. ಸಾಲವೂ ಉಳಿಯಿತು. ಒಂದೂವರೆ ವರ್ಷ ಕಟ್ಟಿದ ಬಡ್ಡಿ ಅಸಲಿನ ದುಪ್ಪಟ್ಟು ದಾಟಿದರೂ, ನೂರೈವತ್ತು ನೂರೈವತ್ತಾಗಿಯೇ ಇತ್ತು. ಕೊನೆಗೆ ಛತ್ರಿಯವನು, ಬರುವ ಒಂದನೇ ತಾರೀಕಿಗೆ ಅಸಲು ಇಡದಿದ್ದರೆ ಮೇಟ್ರನ್ನರ ಬಳಿಗೇ ಹೋಗುತ್ತೇನೆ ಎಂದ. ಸಾಲ ಕೊಟ್ಟವರನ್ನು ಆಸ್ಪತ್ರೆಯೊಳಗೆ ಬರಗೊಟ್ಟವರು ಕ್ವಾರ್ಟರ್ಸು ಬಿಡಬೇಕೆಂಬುದು ನಮ್ಮ ಮೇಟ್ರನ್ನರ ಕಟ್ಟುನಿಟ್ಟು. ಕ್ವಾರ್ಟರ್ಸು ಹೋದರೆ ನನ್ನಂಥವಳಿಗೆ ಆ ಊರಿನಲ್ಲಿ ತಲೆ ಇಡಲು ಜಾಗವಿರಲಿಲ್ಲ.

ಲಿನನ್ ರೂಮಿಗೆ ದೋಬಿಘಾಟಿನ ಕಡೆ ಒಂದು ಹಿಂಬಾಗಿಲಿತ್ತು. ಪಗಾರದ ದಿನ ಗೇಟು ತಪ್ಪಿಸಿ ಅದರಿಂದ ಹೊರಬೀಳುವುದು, ಊರಿಗೆ ಹಣ ಕಳಿಸಿ ಮಿಕ್ಕಿದ್ದರಲ್ಲಿ ಆಮೇಲೆ ಬಡ್ಡಿ ಕಟ್ಟುವುದು ನನ್ನ ಅಭ್ಯಾಸವಾಗಿತ್ತು. ಛತ್ರಿಯವನು ಗಡುವು ಹೇಳಿದ ಮಾರನೆಯ ದಿನವೂ ಹಾಗೇ ಹೊರಟೆ. ಆ ಸಲ ಮಾವಶಿ ಬಾಗಿಲಿಗೆ ಅಡ್ಡ ಸ್ಟೂಲು ಹಾಕಿಕೊಂಡು ಕೂತಿದ್ದರು.

"ಎಷ್ಟು ತಿಂಗಳು ಹಿಂಗ ಕದ್ದು ಹೋಗಾಕಿ, ತಂಗಿ?" ಎಂದು ಕೇಳಿದರು. "ಕುಂಡ್ರು. ಯಾರ್‍ಯಾರಿಗೆ ಎಷ್ಟು ಕೊಡೋದೈತಿ, ಎಲ್ಲಾ ಒಂದ ಕಾಗದದ ಮ್ಯಾಲೆ ಬರಿ. ಒಂದೂ ಮುಚ್ಚಿಡಬ್ಯಾಡ."

ಬರೆದೆ. ಅಲ್ಲಿಯವರೆಗೆ ಮೂರೂ ಸಾಲಗಳನ್ನು ನಾನು ಒಟ್ಟಿಗೆ ಕೂಡಿಸಿ ನೋಡಿದವಳೇ ಅಲ್ಲ... ಮಾವಶಿ ಹೇಳಿದರು, ಆ ಬಾಗಿಲಿನಿಂದ ಹೋಗುವವಳು ನಾನೊಬ್ಬಳೇ ಅಲ್ಲವೆಂದು. ಆಯಾಗಳು, ವಾರ್ಡ್‌ಬಾಯ್‌ಗಳು, ಒಬ್ಬ ಕಂಪೌಂಡರ್, ನಮ್ಮಲ್ಲೇ ಇನ್ನಿಬ್ಬರು ನರ್ಸುಗಳು, ಎಲ್ಲ ಸೇರಿ ಹನ್ನೊಂದು ಮಂದಿ. ಒಬ್ಬರದು ಇನ್ನೊಬ್ಬರಿಗೆ ಗೊತ್ತಿರಲಿಲ್ಲ. ಬಾಗಿಲು ಅವರದಾದ್ದರಿಂದ ಅವರಿಗೆ ಎಲ್ಲರದೂ ಗೊತ್ತಿತ್ತು.

ಮುಂದಿನ ಭಾನುವಾರ ಹನ್ನೊಂದು ಮಂದಿಯನ್ನೂ ಲಿನನ್ ರೂಮಿನಲ್ಲಿ ಕೂಡಿಸಿ, ನಮ್ಮದೇ ಒಂದು ಸೊಸೈಟಿ ಮಾಡೋಣ ಎಂದರು. ಎಲ್ಲರೂ ತಿಂಗಳಿಗೆ ಎರಡೆರಡು ರೂಪಾಯಿ ಹಾಕಬೇಕು. ಕೂಡಿದ ಹಣದಿಂದ ಒಬ್ಬೊಬ್ಬರ ಸಾಲವನ್ನು ಪೂರ್ತಿ ತೀರಿಸಬೇಕು. ಆಮೇಲೆ ಅವರು ಸೊಸೈಟಿಗೆ ಮಾತ್ರ, ಕಡಿಮೆ ಬಡ್ಡಿಯಲ್ಲಿ, ಕಂತಿನಲ್ಲಿ ಕಟ್ಟಬೇಕು. ಕಂತು ಪಗಾರದಲ್ಲೇ ಕಡಿತವಾಗಬೇಕು, ಕೈಗೆ ಬಂದರೆ ಖರ್ಚಾಗುತ್ತದೆ ಎಂದರು. ಧಾರವಾಡದವರೇ ಆದ ಆಫೀಸಿನ ಕ್ಲಾರ್ಕರು ಕಾಗದ ಪತ್ರ ಬರೆದುಕೊಟ್ಟರು. ಆದರೆ ಪಗಾರದಲ್ಲಿ ಕಡಿಯಲು ದೊಡ್ಡ ಡಾಕ್ಟರರ ಸಹಿ ಬೇಕು. ಅವರು ಇದೆಲ್ಲ ಆಸ್ಪತ್ರೆಯ ಕೆಲಸವಲ್ಲ ಎಂದು ಕಾಗದ ತಿರುಗಿಸಿದರು.

ಮಾವಶಿ ಮಾರನೆಯ ದಿನದಿಂದ, ತಮ್ಮ ಕೆಲಸ ಮುಗಿದ ಮೇಲೆ, ಆ ಕಾಗದ ಹಿಡಿದು ಡಾಕ್ಟರರ ಕೋಣೆಯ ಹೊರಗೆ ನಿಲ್ಲತೊಡಗಿದರು. ಒಂದು ಮಾತಿಲ್ಲ, ಅಳು ಇಲ್ಲ. ಡಾಕ್ಟರರು ಬಂದಾಗ ಕೈಮುಗಿಯುವುದು, ಹೋಗುವಾಗ ಕೈಮುಗಿಯುವುದು. ಹೀಗೆ ಒಂಬತ್ತು ದಿನ. ಹತ್ತನೆಯ ದಿನ ಡಾಕ್ಟರರು ತಾವೇ ಕಾಗದ ಕೇಳಿ, ನಿಂತಲ್ಲೇ ಗೋಡೆಗೆ ಇಟ್ಟು ಸಹಿ ಮಾಡಿದರು.

ಮೊದಲ ಸಾಲ ನನ್ನದೇ ತೀರುತ್ತದೆ ಎಂದುಕೊಂಡಿದ್ದೆ. ಮಾವಶಿ ಗಂಡಸರ ವಾರ್ಡಿನಲ್ಲಿ ಕಸ ಗುಡಿಸುತ್ತಿದ್ದವನ ಹೆಸರು ಹೇಳಿದರು. ಅವನದು ಐದು ಕಡೆಯ ಸಾಲ, ಇದ್ದ ಹಣವೆಲ್ಲ ಅವನೊಬ್ಬನಿಗೇ ಹೋಗುತ್ತಿತ್ತು. ನಾನು ಇನ್ನೂ ಆರು ತಿಂಗಳು ಕಾಯಬೇಕು. ಒಂದನೇ ತಾರೀಕಿಗೆ ನಾಲ್ಕೇ ದಿನವಿತ್ತು. ನನಗೆ ಸಿಟ್ಟು ನೆತ್ತಿಗೇರಿತು. ಎಲ್ಲರೂ ಹೋದ ಮೇಲೆ ಅಂದುಬಿಟ್ಟೆ.

"ನಿಮಗೆಂತ ಗೊತ್ತು ಮಾವಶಿ? ಹಿಂದೆ ಮುಂದೆ ಯಾರೂ ಇಲ್ಲದವರಿಗೆ ಸಾಲವೂ ಇರುದಿಲ್ಲ, ಮಾನದ ಚಿಂತೆಯೂ ಇರುದಿಲ್ಲ."

ಅವರು ಕೈಯಲ್ಲಿದ್ದ ಚಾದರವನ್ನು ಮಡಚಿದರು, ಅಂಚು ಸರಿಯಾಗಲಿಲ್ಲವೆಂದು ಬಿಡಿಸಿ ಮತ್ತೆ ಮಡಚಿದರು. ಆಮೇಲೆ, "ಒಂದನೇ ತಾರೀಕು ಗೇಟಿನಾಗಿಂದ ಹೋಗು. ನಾ ಬರ್ತೀನಿ" ಎಂದಷ್ಟೇ ಅಂದರು.

ಬಂದರು. ಒಬ್ಬರೇ ಅಲ್ಲ, ಡ್ಯೂಟಿಯಲ್ಲಿಲ್ಲದ ಎಂಟು ಮಂದಿಯನ್ನು ಬೆನ್ನಿಗೆ ಕರೆದುಕೊಂಡು. ಛತ್ರಿಯವನಿಗೆ ತಮ್ಮ ಹರಕು ಹಿಂದಿಯಲ್ಲಿ ಹೇಳಿದರು. ಲೈಸೆನ್ಸಿಲ್ಲದೆ ಬಡ್ಡಿಗೆ ಕೊಡಬಾರದೆಂದು ಸರ್ಕಾರದ ಕಾಯಿದೆ ಇದೆ, ನಿನ್ನ ಲೈಸೆನ್ಸು ತೋರಿಸು ಎಂದರು. ಅವನು ನಕ್ಕ. ಕೋರ್ಟಿಗೆ ಹೋದರೆ ಅಸಲಿಗಿಂತ ಹೆಚ್ಚು ಬಡ್ಡಿಯನ್ನು ಯಾವ ಜಡ್ಜನೂ ಕೊಡಿಸುವುದಿಲ್ಲ, ನನ್ನ ಗಂಡ ಇಪ್ಪತ್ತು ವರ್ಷ ಕೋರ್ಟಿನ ಬಾಗಿಲಲ್ಲೇ ನಿಂತವನು, ಬೇಕಾದರೆ ಈಗಲೇ ಹೋಗೋಣ ನಡೆ ಎಂದು ಸೆರಗು ಸೊಂಟಕ್ಕೆ ಸಿಕ್ಕಿಸಿ ರಸ್ತೆಗೆ ಇಳಿದೇಬಿಟ್ಟರು. ಅವನು ನಮ್ಮೆಲ್ಲರನ್ನೂ ಒಮ್ಮೆ ನೋಡಿದ. ಸ್ವಲ್ಪ ಹೊತ್ತಿನ ಜಗ್ಗಾಟದ ನಂತರ ಮಾತು ನಿಂತದ್ದು ಐವತ್ತಕ್ಕೆ. ತಿಂಗಳಿಗೆ ಹತ್ತರಂತೆ ಐದು ತಿಂಗಳು, ಬಡ್ಡಿಯಿಲ್ಲ. ಮೇಟ್ರನ್ನರ ಮಾತನ್ನು ಅವನು ಮತ್ತೆ ಎತ್ತಲಿಲ್ಲ. ಐದನೆಯ ತಿಂಗಳು ನಾನು ಬರೆದುಕೊಟ್ಟಿದ್ದ ಸಾಲದ ಚೀಟಿ ನನ್ನ ಕೈಗೆ ಬಂತು.

ಆರನೆಯ ತಿಂಗಳು ಸೊಸೈಟಿಯ ಹಣದಿಂದ ಬಳೆ ಬಿಡಿಸಿದೆ, ಹೋಟೆಲಿನ ಧಣಿಗೆ ಅರವತ್ತು ಮುಟ್ಟಿಸಿದೆ. ಆ ಕಾಗದಗಳಿಗೆ ಸಹಿ ಹಾಕುವಾಗ ಕ್ಲಾರ್ಕರು ಎರಡು ವಿಷಯ ಹೇಳಿದರು. ಕಸ ಗುಡಿಸುವವನ ಮಗಳನ್ನು, ಹನ್ನೆರಡು ವರ್ಷದವಳನ್ನು, ಸಾಲ ಕೊಟ್ಟವನೊಬ್ಬ ಬಡ್ಡಿಯ ಬದಲಿಗೆ ಮನೆಗೆಲಸಕ್ಕೆ ಇಟ್ಟುಕೊಂಡಿದ್ದ. ಯಾರಿಗೂ ಹೇಳಬೇಡಿ ಎಂದು ಆ ತಂದೆ ಮಾವಶಿಯ ಕಾಲು ಹಿಡಿದಿದ್ದನಂತೆ. ಮತ್ತೊಂದು, ನಮ್ಮ ಎರಡೆರಡು ರೂಪಾಯಿಯಿಂದ ಅವನ ಸಾಲದ ಕಾಲು ಭಾಗವೂ ತೀರುತ್ತಿರಲಿಲ್ಲ. ಮಾವಶಿ ತಮ್ಮ ಪಗಡಿಯ ಮುನ್ನೂರನ್ನೂ ಹಾಕಿದ್ದರು.

ಅಂದೇ ಹೋಗಿ ತಪ್ಪಾಯಿತು ಎನ್ನಬೇಕಿತ್ತು. ಲಿನನ್ ರೂಮಿನ ತನಕ ಹೋದೆ ಕೂಡ. ಮಾವಶಿ ದೋಬಿಯ ಜೊತೆ ಹರಿದ ದಿಂಬಿನ ಚೀಲಗಳ ಬಗ್ಗೆ ಜಗಳದಲ್ಲಿದ್ದರು. ನಾಳೆ ಹೇಳಿದರಾಯಿತು ಎಂದು ಬಂದೆ...

ಸೊಸೈಟಿಗೆ ನಾಲ್ಕು ವರ್ಷ ತುಂಬಿತು. ಹನ್ನೊಂದಿದ್ದವರು ಅರವತ್ತಾದರು. ಹಿಂಬಾಗಿಲಿನ ಕಡೆ ದೋಬಿಯನ್ನು ಬಿಟ್ಟು ಯಾರೂ ಹೋಗುತ್ತಿರಲಿಲ್ಲ. ಮಾವಶಿ ಕೆಲಸ ಬಿಡುವ ದಿನ ಅವರ ಹಣ ಎಣಿಸಿ ಕೊಟ್ಟವಳು ನಾನೇ, ಆಗ ಲೆಕ್ಕ ನೋಡುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಮುನ್ನೂರಕ್ಕೆ ವರ್ಷಕ್ಕೆ ನೂರಕ್ಕೆ ಆರರಂತೆ ಬಡ್ಡಿ. ಎಪ್ಪತ್ತು ರೂಪಾಯಿ ಸೇರಿಸಿ ಮುಂದೆ ಇಟ್ಟೆ. ಅವರು ಬೆರಳು ಮಡಚಿ ಲೆಕ್ಕ ಹಾಕಿದರು.

"ಎರಡು ರೂಪಾಯಿ ಕಡಿಮಿ ಐತಿ, ತಂಗಿ. ನಾ ಬಿಡಂಗಿಲ್ಲ."

ನಿಜ, ನಾನೇ ತಪ್ಪಿದ್ದೆ. ಸುತ್ತ ನಿಂತವರೆಲ್ಲ ನಕ್ಕರು, ಅವರೂ ನಕ್ಕರು. ಅಷ್ಟರೊಳಗೆ ಕುರ್ಲಾದಲ್ಲಿ ಒಂದು ಖೋಲಿಯ ಪಗಡಿ ಸಾವಿರ ದಾಟಿತ್ತು. ಅವರು ಹಣ ಸೆರಗಿಗೆ ಕಟ್ಟಿಕೊಂಡು ಜೋಗೇಶ್ವರಿಗೆ, ಅಕ್ಕನ ಮಗನ ಮನೆಗೆ ಹೋದರು. ಅಲ್ಲಿ ಆರು ಮಂದಿಯ ನಡುವೆ ಒಂದು ಮೂಲೆ ಸಿಕ್ಕಿತ್ತು ಎಂದು ಕೇಳಿದೆ. ದೀಪಾವಳಿಗೆ ಹೋಗಿ ಕಾಣಬೇಕೆಂದಿದ್ದೆ. ನವರಾತ್ರಿಯಲ್ಲೇ ಹೋಗಿಬಿಟ್ಟರು. ನಮಗೆ ತಿಳಿದದ್ದು ಹದಿಮೂರನೆಯ ದಿನ ಕಳೆದ ಮೇಲೆ.

ನನ್ನ ತಮ್ಮನಿಗೆ ಈಗ ಮೊಮ್ಮಕ್ಕಳಿದ್ದಾರೆ. ಆ ಹನ್ನೊಂದು ಮಂದಿಯಲ್ಲಿ ನಾನೊಬ್ಬಳು ಉಳಿದಿದ್ದೇನೆ. ಹೋದ ವಾರ ಕಣ್ಣಿನ ಪಟ್ಟಿ ಬಿಚ್ಚಿದ ಮೇಲೆ ಮೊದಲು ಬರೆಯಲು ಕೂತದ್ದು ಇದನ್ನೇ. ಜೋಗೇಶ್ವರಿಯಲ್ಲಿ ಅವರು ಯಾವ ಗಲ್ಲಿಯಲ್ಲಿದ್ದರು ಎಂದು ಕೇಳೋಣವೆಂದರೆ ಹೇಳುವವರಿಲ್ಲ. ಅಂದು ನಾನು ಆಡಿದ ಮಾತನ್ನು ಕೇಳಿದ್ದವರು ಅವರೊಬ್ಬರೇ. ಅದನ್ನು ಹಿಂದಕ್ಕೆ ತೆಗೆದುಕೊಳ್ಳಲೂ ಅವರೇ ಬೇಕಿತ್ತು.