ಒಂದೇ ಸೀಟಿಗೆ ಎರಡು ಹೆಸರು

ಸಿಂಗಾಪುರಕ್ಕೆ ಹೊರಟ ದಿನ ಬೆಳಿಗ್ಗೆ ಐದು ಗಂಟೆಗೇ ಕೋಥರೂಡದ ನಮ್ಮ ಸೊಸೈಟಿಯ ಗೇಟಿಗೆ ಟ್ಯಾಕ್ಸಿ ಬಂದು ನಿಂತಿತು. ಮುಂಬಯಿ ವಿಮಾನ ನಿಲ್ದಾಣಕ್ಕೆ ಸಾವಿರದ ಮುನ್ನೂರು ರೂಪಾಯಿ ಬಾಡಿಗೆ, ಟೋಲ್ ಬೇರೆ. ಎಕ್ಸ್‌ಪ್ರೆಸ್ ವೇ ಆಗ ಇನ್ನೂ ಹೊಸದು. ಮೂರೂವರೆ ತಾಸಿನಲ್ಲಿ ಮುಟ್ಟಿದೆವು. ದಾರಿಯುದ್ದಕ್ಕೂ ನಮ್ಮವರು ಟಿಕೆಟ್ಟು ಇಟ್ಟಿದ್ದ ಜೇಬನ್ನು ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಿದ್ದರು.

ನಮ್ಮವರದು ಮಾರ್ಕೆಟ್ ಯಾರ್ಡ್‌ನಲ್ಲಿ ಬೆಲ್ಲದ ಅಂಗಡಿ. ಅಡ್ಡಹೆಸರು ಮೆಣಸಿನಕಾಯಿ. ಜಮಖಂಡಿ ಬಿಟ್ಟು ಪುಣೆಗೆ ಬಂದಾಗಿನಿಂದ ಈ ಎರಡನ್ನೂ ಕೂಡಿಸಿ ನಗದ ಗಿರಾಕಿಯಿಲ್ಲ. ಮಗ ಅನಿಲನ ಮದುವೆಗೆ ಇಪ್ಪತ್ತು ದಿನ ಉಳಿದಿತ್ತು. ಇಂಥ ಹೊತ್ತಿನಲ್ಲಿ ಪ್ರವಾಸವೇ ಎಂದು ಎಲ್ಲರೂ ಹುಬ್ಬೇರಿಸಿದರು. ಆದರೆ ಅನಿಲನೇ ಹಟ ಹಿಡಿದಿದ್ದ. "ಸೊಸಿ ಬಂದ ಮ್ಯಾಲೆ ನೀವಿಬ್ಬರೂ ಎಲ್ಲಿ ಹೊರಗ ಬೀಳ್ತೀರಿ? ಈಗ ಹೋಗಿ ಬರ್ರಿ" ಎಂದ. ನಾಲ್ಕೇ ದಿನ, ಗುರುವಾರ ವಾಪಸು. ಶನಿವಾರ ಹುಡುಗಿಯ ಕಡೆಯವರು ಸೊಲ್ಲಾಪುರದಿಂದ ಜವಳಿ ತೆಗೆಯಲು ಬರುವವರಿದ್ದರು. ರೈಲಿನ ರಿಸರ್ವೇಶನ್ ಕೂಡ ಆಗಿತ್ತು. ಅತ್ತೆಯಾಗುವವಳೇ ಇಲ್ಲದೆ ಮದುವೆಯ ಜವಳಿ ತೆಗೆದರೆ ಜನ ವರ್ಷಗಟ್ಟಲೆ ಆಡಿಕೊಳ್ಳುತ್ತಾರೆ.

ನನ್ನ ಪರ್ಸಿನಲ್ಲಿ ಒಂದು ಚೀಟಿ ಇತ್ತು. ನಮ್ಮ ಮನೆತನದಲ್ಲಿ ಮದುವೆಯ ದಿನ ಸೊಸೆಗೆ ಹೊಸ ಹೆಸರಿಡುತ್ತಾರೆ. ತಾಟಿನಲ್ಲಿ ಅಕ್ಕಿ ಹರವಿ, ಮದುಮಗ ಬಂಗಾರದುಂಗುರದಿಂದ ಆ ಹೆಸರನ್ನು ಬರೆಯುತ್ತಾನೆ. ಹೆಸರನ್ನು ಆರಿಸುವ ಹಕ್ಕು ಅತ್ತೆಯದು. ನನ್ನ ಅತ್ತೆಯವರಿಗೆ 'ಸು' ಎಂಬ ಅಕ್ಷರದ ಮೇಲೆ ಭಾರಿ ಪ್ರೀತಿ. ನನಗೆ ಸುನಂದಾ ಎಂದಿಟ್ಟರು. ನಾನೂ ಅದೇ ಜಾಡು ಹಿಡಿದು ಸುಮೇಧಾ, ಸುವರ್ಣಾ, ಸುಹಾಸಿನಿ ಎಂದು ಚೀಟಿಯಲ್ಲಿ ಬರೆದುಕೊಂಡಿದ್ದೆ. ಹುಡುಗಿಯ ಹೆಸರು ರೇಖಾ. ಅವಳನ್ನು ಕೇಳಬೇಕೆಂಬುದು ನನಗೆ ಹೊಳೆದಿರಲಿಲ್ಲ, ನನ್ನನ್ನೂ ಯಾರೂ ಕೇಳಿರಲಿಲ್ಲ.

ವಿಮಾನದ ಕಂಪನಿ ಯಾವುದೆಂದು ಇಲ್ಲಿ ಬರೆಯುವುದಿಲ್ಲ. ಹೆಸರುಗಳ ಸಹವಾಸ ನನಗೆ ಸಾಕಾಗಿದೆ. ಮುಂಬಯಿಯ ಕೌಂಟರಿನಲ್ಲಿ ಕೂತಿದ್ದವನು ಆಕಳಿಸುತ್ತ ಎರಡೂ ಪಾಸ್‌ಪೋರ್ಟ್ ತೆರೆದ, ಫೋಟೋ ನೋಡಿದ, ಮೆಣಸಿನಕಾಯಿ ಎಂಬುದನ್ನು ಓದಲು ಎರಡು ಸಲ ಪ್ರಯತ್ನಿಸಿ ಕೈಬಿಟ್ಟ. ಬೋರ್ಡಿಂಗ್ ಪಾಸು ಹರಿದು ಕೈಗಿತ್ತ. ಹೋಗುವಾಗ ಅಷ್ಟೇ.

ಸಿಂಗಾಪುರದಲ್ಲಿ ಜನವರಿಯಲ್ಲೂ ಮೈಯೆಲ್ಲ ಬೆವರು. ದಿನಾ ಮಧ್ಯಾಹ್ನ ಒಂದು ತಾಸು ಮಳೆ, ಆಮೇಲೆ ಏನೂ ಆಗಿಲ್ಲವೆಂಬಂತೆ ಬಿಸಿಲು. ಸೆರಂಗೂನ್ ರಸ್ತೆಯ ಹತ್ತಿರ ಇಳಿದುಕೊಂಡಿದ್ದೆವು. ಇಡ್ಲಿ, ದೋಸೆ ಮೂರು ಹೊತ್ತೂ ಸಿಗುತ್ತಿತ್ತು. ಆದರೂ ನಮ್ಮವರು ನಾನು ಕಟ್ಟಿಕೊಂಡು ಹೋದ ಕಟಕ ರೊಟ್ಟಿ ಮತ್ತು ಶೇಂಗಾ ಚಟ್ನಿಪುಡಿಯನ್ನೇ ತಿಂದರು. ಪಕ್ಷಿಗಳ ಉದ್ಯಾನ ನೋಡಿದೆವು, ನೆಲದೊಳಗೆ ಓಡುವ ರೈಲಿನಲ್ಲಿ ಸುಮ್ಮನೆ ಎರಡು ಸಲ ಹೋಗಿ ಬಂದೆವು. ಒಂದು ಅಂಗಡಿಯಲ್ಲಿ ಬೆಲ್ಲದಚ್ಚು ಕಂಡಾಗ ನಮ್ಮವರು ಉಗುರಿನಿಂದ ಕೆರೆದು, ಮೂಸಿ, "ಇದರಾಗ ಸಕ್ಕರಿ ಕೂಡಿಸ್ಯಾರ" ಎಂದು ತೀರ್ಪು ಕೊಟ್ಟರು. ಅಂಗಡಿಯವನಿಗೆ ಕನ್ನಡ ಬರುತ್ತಿರಲಿಲ್ಲ, ಪುಣ್ಯ. ಮಗನಿಗೊಂದು ಕ್ಯಾಮೆರಾ ಬೇಕಿತ್ತು. ವಿಮಾನ ನಿಲ್ದಾಣದಲ್ಲಿ ಅಗ್ಗ ಎಂದು ಯಾರೋ ಹೇಳಿದ್ದರಿಂದ ಅದರ ಡಾಲರುಗಳನ್ನು ತೆಗೆದಿಟ್ಟುಕೊಂಡಿದ್ದೆವು.

ಗುರುವಾರ ಬೆಳಿಗ್ಗೆ ಹತ್ತಕ್ಕೆ ವಿಮಾನ. ಏಳಕ್ಕೇ ಕೌಂಟರಿಗೆ ಹೋಗಿ ನಿಂತೆವು. ಅಲ್ಲಿದ್ದ ಹುಡುಗಿ ಚುರುಕಾಗಿದ್ದಳು. ನಮ್ಮ ಸೂಟ್‌ಕೇಸುಗಳಿಗೆ ಚೀಟಿ ಕಟ್ಟಿ ಬೆಲ್ಟಿನ ಮೇಲೆ ತಳ್ಳಿದಳು, ಬೋರ್ಡಿಂಗ್ ಪಾಸುಗಳನ್ನು ತೆಗೆದಳು, ಕೊನೆಗೆ ಪಾಸ್‌ಪೋರ್ಟ್ ತೆರೆದಳು. ನನ್ನ ಮುಖ ನೋಡಿದಳು. ನನ್ನ ಬೋರ್ಡಿಂಗ್ ಪಾಸನ್ನು ಮಾತ್ರ ತನ್ನ ಕಡೆಗೆ ಎಳೆದುಕೊಂಡಳು.

ಟಿಕೆಟ್ಟಿನಲ್ಲಿ ಸುನಂದಾ ಮೆಣಸಿನಕಾಯಿ ಎಂದಿತ್ತು. ಪಾಸ್‌ಪೋರ್ಟಿನಲ್ಲಿ ಗಂಗಾ ಮೆಣಸಿನಕಾಯಿ.

ಗಂಗಾ ನನ್ನ ತವರಿನ ಹೆಸರು. ಪಾಸ್‌ಪೋರ್ಟಿಗೆ ಹುಟ್ಟಿದ ತಾರೀಖಿನ ದಾಖಲೆಯೆಂದು ಶಾಲೆಯ ಸರ್ಟಿಫಿಕೇಟ್ ಕೊಟ್ಟಿದ್ದೆವು. ಅದರಲ್ಲಿದ್ದ ಹೆಸರೇ ಪಾಸ್‌ಪೋರ್ಟಿಗೆ ಬಂತು, ಅಡ್ಡಹೆಸರು ಮಾತ್ರ ಗಂಡನ ಮನೆಯದು. ಆ ಪಾಸ್‌ಪೋರ್ಟ್ ಮನೆಯ ಕಪಾಟಿನಲ್ಲಿದ್ದಾಗ ನಮ್ಮವರು ಅಂಗಡಿಯ ಗಾದಿಯ ಮೇಲೆ ಕೂತು, ಒಂದು ಕಣ್ಣು ತಕ್ಕಡಿಯ ಮೇಲಿಟ್ಟು, ಟ್ರಾವೆಲ್ ಏಜೆಂಟನಿಗೆ ಫೋನಿನಲ್ಲಿ ನಮ್ಮಿಬ್ಬರ ಹೆಸರು ಹೇಳಿದ್ದರು. ಹೆಂಡತಿಯ ಹೆಸರೇನೆಂದು ಕೇಳಿದರೆ ಇಪ್ಪತ್ತಾರು ವರ್ಷದಿಂದ ಯಾವುದು ಬಾಯಿಗೆ ಬರುತ್ತಿತ್ತೋ ಅದೇ ಬಂದಿತ್ತು.

ದೊಡ್ಡ ಅಧಿಕಾರಿಯೊಬ್ಬ ಬಂದ. ಇಂಗ್ಲಿಷಿನಲ್ಲಿ ನಡೆದ ಮಾತನ್ನು ನನಗೆ ತಿಳಿದಷ್ಟು ಬರೆಯುತ್ತೇನೆ. ಸುನಂದಾ ಎಲ್ಲಿ ಎಂದು ಅವನು ಕೇಳಿದ. ಇವರು ನನ್ನನ್ನು ತೋರಿಸಿದರು. ಹಾಗಾದರೆ ಗಂಗಾ ಎಲ್ಲಿ? ಇವರು ಮತ್ತೆ ನನ್ನನ್ನೇ ತೋರಿಸಿದರು. ಈಕೆ ನನ್ನ ಹೆಂಡತಿ, ಇಪ್ಪತ್ತಾರು ವರ್ಷವಾಯಿತು ಎಂದರು.

"ಯಾವಾಕೆ?" ಎಂದು ಕೇಳಿದ ಅಧಿಕಾರಿ.

ಇವರು ಅಕ್ಕಿ, ತಾಟು, ಉಂಗುರ ಎಲ್ಲವನ್ನೂ ವಿವರಿಸತೊಡಗಿದರು. ಕೌಂಟರಿನ ಮೇಲೆ ಬೆರಳಿನಿಂದ ಬರೆದೂ ತೋರಿಸಿದರು. ಅಧಿಕಾರಿ ಮರ್ಯಾದೆಯಿಂದ ಪೂರ್ತಿ ಕೇಳಿ, ಎರಡೂ ಹೆಸರು ಒಬ್ಬರದೇ ಎನ್ನುವ ಸರಕಾರಿ ಕಾಗದ ಇದೆಯೇ ಎಂದ. ಇರಲಿಲ್ಲ. ಬಂದಾಗ ನಿಮ್ಮವರೇ ಕೂರಿಸಿಕೊಂಡು ಬಂದರಲ್ಲ ಎಂದರೆ, ಅದು ಮುಂಬಯಿಯವರ ತಪ್ಪು ಎಂದ. ಹೆಸರು ತಿದ್ದಿಕೊಡಿ ಎಂದರೆ, ತಿದ್ದಲು ನಿಯಮವಿಲ್ಲ ಎಂದ. ಮುಂದಿನ ವಿಮಾನ ಶನಿವಾರ. ನೀವು ಹೋಗಬಹುದು ಸರ್, ಈ ಹೆಂಗಸನ್ನು ಮಾತ್ರ ಬಿಡುವಂತಿಲ್ಲ ಎಂದು ಮುಗಿಸಿದ.

ನಮ್ಮವರು ಗಡಿಯಾರ ನೋಡಿದರು. ಶನಿವಾರದ ಜವಳಿಯನ್ನು ನೆನೆದು ನೋಡಿದರೆಂದು ನನಗೆ ಗೊತ್ತು. ಆದರೂ ಆ ಹೊತ್ತಿನಲ್ಲಿ ನನ್ನ ತಲೆ ಕೆಟ್ಟುಹೋಯಿತು.

"ಹೋಗ್ರಿ ನೀವು," ಎಂದೆ. "ನಿಮ್ಮ ಸುನಂದಾನ್ನ ಕರಕೊಂಡು ಹೋಗ್ರಿ. ಗಂಗಾ ಇಲ್ಲೇ ಇರ್ತಾಳ."

"ಏ, ಹಾಂಗ್ಯಾಕ ಮಾತಾಡ್ತಿ? ಜನಾ ನೋಡಾಕತ್ತಾರ."

"ನೋಡಲಿ. ಕಟಗೊಂಡ ಹೆಂಡತಿ ಹೆಸರ ಗೊತ್ತಿಲ್ಲದವರನ್ನ ಅವರೂ ಒಂದೀಟು ನೋಡಲಿ."

ಅಂದುಬಿಟ್ಟೆ, ಆದರೆ ಅಂದಮೇಲೆ ನೆನಪಾಯಿತು. ಆ ಟಿಕೆಟ್ಟನ್ನು ಮನೆಯಲ್ಲಿ ನಾನೂ ಎಂಟು ಸಲ ತೆರೆದು ನೋಡಿದ್ದೆ. ಸುನಂದಾ ಎಂದು ಓದಿ, ಎಲ್ಲ ಸರಿಯಾಗಿದೆ ಎಂದು ಮಡಚಿ ಇಟ್ಟಿದ್ದೆ. ಇವರು ಮರೆತದ್ದು ದೊಡ್ಡ ಮಾತಲ್ಲ. ನನಗೇ ನಾನು ನೆನಪಿರಲಿಲ್ಲ. ಅಲ್ಲಿ ನಿಂತೇ ಅತ್ತುಬಿಟ್ಟೆ, ಸೆರಗಿನಿಂದ ಕಣ್ಣು ಒರೆಸಿಕೊಂಡೆ.

ಇವರು ಹೋಗಲಿಲ್ಲ. ಪಕ್ಕದ ಟಿಕೆಟ್ ಕಿಟಕಿಗೆ ಹೋಗಿ, ಇದೇ ವಿಮಾನಕ್ಕೆ ಹೊಸ ಟಿಕೆಟ್ ಸಿಗುತ್ತದೆಯೇ ಎಂದು ಕೇಳಿದರು. ಸಿಗುತ್ತಿತ್ತು! ಈಗಷ್ಟೇ ಒಂದು ಸೀಟು ಖಾಲಿಯಾಗಿದೆ ಎಂದು ಕಿಟಕಿಯವಳು ನಗುಮುಖದಿಂದ ಹೇಳಿದಳು. ಅದು ನನ್ನದೇ ಸೀಟು. ನನ್ನಿಂದ ಕಸಿದುಕೊಂಡದ್ದನ್ನು ನನಗೇ ಮಾರಿದರು, ಕ್ಯಾಮೆರಾದ ಡಾಲರುಗಳೆಲ್ಲ ಅಲ್ಲಿಗೆ ಖಲಾಸ್. ಪ್ರಯಾಣಿಕರ ಹೆಸರೇನು ಎಂದು ಅವಳು ಕೇಳಿದಾಗ ಇವರು ನನ್ನ ಕಡೆ ಒಮ್ಮೆ ತಿರುಗಿ, "ಗಂಗಾ" ಎಂದರು. ಇವರ ಬಾಯಿಂದ ಆ ಹೆಸರನ್ನು ನಾನು ಕೇಳಿದ್ದು ಅದೇ ಮೊದಲು.

ಹತ್ತಕ್ಕೆ ಬಿಡಬೇಕಾದ ವಿಮಾನ ಹನ್ನೊಂದಾದರೂ ಅಲುಗಲಿಲ್ಲ. ಮೊದಲು ನಮಗೆ ಕಾರಣ ತಿಳಿಯಲಿಲ್ಲ. ಆಮೇಲೆ ಗಗನಸಖಿ ಮೈಕಿನಲ್ಲಿ, ಸುನಂದಾ ಎಂಬ ಪ್ರಯಾಣಿಕರು ಬಂದಿದ್ದಾರೆಯೇ ಎಂದು ಕೇಳಿದಳು. ಸುನಂದಾಳ ಸೂಟ್‌ಕೇಸ್ ವಿಮಾನದ ಹೊಟ್ಟೆಯೊಳಗೆ ಸೇರಿತ್ತು, ಸುನಂದಾ ಹತ್ತಿರಲಿಲ್ಲ. ಆಕೆ ಸಿಗದಿದ್ದರೆ ಅದನ್ನು ಹುಡುಕಿ ಕೆಳಗಿಳಿಸಬೇಕು.

ಇವರ ಕೈ ಅರ್ಧಕ್ಕೆ ಎದ್ದಿತು. "ಹೇಳಲೇನು?"

"ಸುಮ್ಮ ಕೂಡ್ರಿ," ಎಂದು ಕೈ ಹಿಡಿದು ಒತ್ತಿದೆ. "ಹೇಳಿದ್ರ ಗಂಗಾನ್ನೂ ಇಳಸ್ತಾರ."

ನನ್ನ ಈಚೆ ಬದಿಗೆ ಮರಾಠಿ ಮಾತಾಡುವ ಗೃಹಸ್ಥರೊಬ್ಬರು ಕೂತಿದ್ದರು. ಬೇಸತ್ತು, ಈ ಸುನಂದಾಬಾಯಿ ಎಲ್ಲೋ ಖರೀದಿ ಮಾಡುತ್ತ ಕೂತಿರಬೇಕು, ನಮ್ಮ ಹೆಂಗಸರ ಹಣೆಬರಹವೇ ಇಷ್ಟು ಎಂದರು. "ಹೋ ನಾ," ಎಂದು ನಾನೂ ಮರಾಠಿಯಲ್ಲಿ ಹೌದೆಂದು ತಲೆಯಾಡಿಸಿದೆ. ಇವರು ಕಿಟಕಿಯ ಕಡೆ ಮುಖ ಮಾಡಿ ನಗುತ್ತಿದ್ದರು. ಮುಂಜಾನೆಯ ಸಿಟ್ಟಿನಲ್ಲೂ ನನಗೆ ನಗು ತಡೆಯಲಾಗಲಿಲ್ಲ.

ನನ್ನ ಸೂಟ್‌ಕೇಸ್ ಅಲ್ಲೇ ಉಳಿಯಿತು. ಮುಂಬಯಿಯಲ್ಲಿ ದೂರು ಬರೆದುಕೊಳ್ಳುವವನು, ಸಾಮಾನು ಸುನಂದಾ ಅವರದು, ಅವರೇ ಬಂದು ಹೇಳಬೇಕು ಎಂದ. ಅವನೊಂದಿಗೆ ಒಂದು ತಾಸು ಜಗ್ಗಾಡಿ, ಮನೆಯ ವಿಳಾಸ ಬರೆದುಕೊಟ್ಟು ಹೊರಗೆ ಬಂದೆವು. ಲೋಣಾವಳಾದಲ್ಲಿ ಟ್ಯಾಕ್ಸಿ ಚಹಾಕ್ಕೆ ನಿಂತಿತು. ಸಂಜೆಯ ಥಂಡಿ ಗಾಳಿ ಇತ್ತು. ಇವರು ಗ್ಲಾಸನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, "ನನಗ ಆ ಹೆಸರು ಲಕ್ಷ್ಯಕ್ಕ ಬರಲೇ ಇಲ್ಲ ನೋಡು" ಎಂದರು.

"ನನಗೂ ಬರಲಿಲ್ಲ," ಎಂದೆ.

ಶನಿವಾರ ಜವಳಿ ನಡೆಯಿತು. ಸೊಲ್ಲಾಪುರದ ಗಾಡಿ ದೌಂಡದಲ್ಲಿ ಮುಕ್ಕಾಲು ತಾಸು ನಿಂತು ತಡವಾಗಿ ಬಂತು. ಜವಳಿ ಅಂಗಡಿ ಮುಟ್ಟುವಷ್ಟರಲ್ಲಿ ಒಳಗೆ ಕಾಲಿಡಲು ಜಾಗವಿರಲಿಲ್ಲ. ಲಗ್ನಸರಾಯಿ, ಮದುವೆಗಳ ಕಾಲ, ಎಲ್ಲಿ ನೋಡಿದರೂ ಗದ್ದಲ. ಹುಡುಗಿ ಆ ತುದಿಯ ಕನ್ನಡಿಯ ಮುಂದೆ ಹೆಗಲ ಮೇಲೆ ಸೀರೆ ಹೊದ್ದು ನಿಂತಿದ್ದಳು. ಅವಳ ತಾಯಿ ಇತ್ತಲಿಂದ ಒಂದೇ ಸಲ, ಅದೂ ಮೆಲ್ಲಗೆ, "ರೇಖಾ" ಎಂದರು. ಅಷ್ಟು ಗದ್ದಲದಲ್ಲೂ ಅವಳು ತಟ್ಟನೆ ತಿರುಗಿದಳು. ನಾನು ಕೈಯಲ್ಲಿದ್ದ ಸೀರೆಯ ದರ ಕೇಳುವುದನ್ನು ಮರೆತು ಅವಳನ್ನೇ ನೋಡಿದೆ.

ಮಂಗಳವಾರ ಸೂಟ್‌ಕೇಸ್ ಬಂತು. ಹೊತ್ತುಕೊಂಡು ಬಂದವನು ಬಾಗಿಲಲ್ಲಿ ನಿಂತು, "ಸುನಂದಾ ಕೋಣ?" ಎಂದ, ಸುನಂದಾ ಯಾರು ಎಂದು ಮರಾಠಿಯಲ್ಲಿ. ನಾನೇ ಎಂದು ಸಹಿ ಮಾಡಿದೆ. ಅವನು ಪಾಸ್‌ಪೋರ್ಟ್ ಕೇಳಲಿಲ್ಲ.

ಒಳಗೆ ಫೋನ್ ರಿಂಗಾಯಿತು. ಇವರು ಎತ್ತಿ ಮಾತಾಡಿ, ರಿಸೀವರಿಗೆ ಕೈ ಅಡ್ಡ ಹಿಡಿದು ನನ್ನನ್ನು ಕರೆದರು. "ಭಟ್ಟರು ಕೇಳಾಕತ್ತಾರ, ಅಕ್ಕಿಯೊಳಗ ಏನ ಹೆಸರು ಬರೀಬೇಕಂತ. ನಿನ್ನ ಚೀಟಿ ಎಲ್ಲ್ಯದ?"

"ಆಕಿ ಪಾಸ್‌ಪೋರ್ಟಿನ್ಯಾಗ ಏನದನೋ ಅದನ್ನ ಬರೀರಿ ಅಂತ ಹೇಳ್ರಿ."

"ಆಕಿಗೆ ಪಾಸ್‌ಪೋರ್ಟೇ ಇಲ್ಲಲ್ಲ?"

"ಮಾಡಸೋಣು," ಎಂದೆ. "ರೇಖಾ ಅಂತ."